ಬಣ್ಣದ ಗಾಜು ಹಾಕಿಸಿದರೆ ಮನೆ ಚರ್ಚಿನಂತೆ ಕಾಣುತ್ತದೆಯೇ?

ಮುಂಬಾಗಿಲಿಗೂ ಮೆಟ್ಟಿಲ ಪಕ್ಕದ ಕಿಟಕಿಗೂ ಸ್ಟೇನ್ಡ್ ಗ್ಲಾಸ್, ಅಂದರೆ ಗಾಜಿನ ತುಂಡುಗಳನ್ನು ಸೀಸದ ಪಟ್ಟಿಗಳಿಂದ ಜೋಡಿಸಿದ ಪಟ, ಹಾಕಿಸುವ ಆಸೆ ನಿಮ್ಮದು. ಮನೆ ಚರ್ಚಿನಂತೆ ಕಂಡೀತೇ, ಅಂಟಿಸುವ ಫಿಲ್ಮ್ ಸಾಲದೇ, ಬಾಗಿಲು ಬಡಿದರೆ ಒಡೆಯುವುದಿಲ್ಲವೇ ಎಂದು ಕೇಳಿದ್ದೀರಿ. ಹತ್ತು ವರ್ಷಗಳಿಂದ ಹವ್ಯಾಸಕ್ಕೆಂದು ಇಂಥ ಗಾಜಿನ ಪಟಗಳನ್ನು ಮಾಡುತ್ತಿದ್ದೇನೆ. ಬೆರಳು ಕುಯ್ದುಕೊಂಡಷ್ಟು ಸಲ ತಪ್ಪನ್ನೂ ಮಾಡಿದ್ದೇನೆ.

ಬಣ್ಣ ಅತಿಯಾದರೆ ಚರ್ಚಿನಂತೆಯೇ ಕಾಣುತ್ತದೆ, ಅದೂ ಕತ್ತಲೆಯ ಚರ್ಚಿನಂತೆ. ನನ್ನ ಮೊದಲ ಪಟವೂ ಮೆಟ್ಟಿಲ ಕಿಟಕಿಗೇ. ಕೋಬಾಲ್ಟ್ ನೀಲಿ, ದಟ್ಟ ಹಸಿರು, ನಡುವೆ ನವಿಲು. ಮೇಜಿನ ಮೇಲೆ ಬಿಳಿ ಕಾಗದ ಹಾಸಿ ನೋಡಿದಾಗ ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ಕೂರಿಸಿದ ಮರುದಿನದಿಂದ ಹಗಲಿನಲ್ಲೇ ದೀಪ ಹಾಕಿಕೊಂಡು ಮೆಟ್ಟಿಲಿಳಿಯಬೇಕಾಯಿತು. ಬಣ್ಣದ ಗಾಜು ಬೆಳಕಿಗೆ ಏನನ್ನೂ ಸೇರಿಸುವುದಿಲ್ಲ. ತನ್ನದೊಂದು ಬಣ್ಣವನ್ನು ಬಿಟ್ಟು ಮಿಕ್ಕವನ್ನು ನುಂಗುತ್ತದೆ. ಕಿಟಕಿಯ ಎದುರಿಗೆ ತೆರೆದ ಆಕಾಶವಿದ್ದರೆ ಹೇಗೋ ನಡೆಯುತ್ತದೆ, ನನ್ನ ಕಿಟಕಿಯ ಎದುರಿಗಿದ್ದದ್ದು ಗೋಡೆ. ಎರಡು ವರ್ಷ ಹಟಕ್ಕೆ ಉಳಿಸಿಕೊಂಡು, ಆಮೇಲೆ ಬಿಚ್ಚಿಟ್ಟೆ.

ಹಾಗಾಗಿ ಚಿತ್ರವನ್ನು ಆಮೇಲೆ ಆರಿಸಿ, ಮೊದಲು ಬೆಳಕನ್ನು ನೋಡಿ. ಅಂಗೈಯಗಲದ ಗಾಜಿನ ತುಂಡುಗಳನ್ನು ತಂದು ಈಗಿರುವ ಕಿಟಕಿಗೆ ಟೇಪಿನಿಂದ ಅಂಟಿಸಿ ಒಂದು ವಾರ ಬಿಡಿ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಅದೇ ತುಂಡು ಬೇರೆ ಬೇರೆಯಾಗಿ ಕಾಣುತ್ತದೆ. ಪಾರದರ್ಶಕ ಬಣ್ಣದ ಗಾಜಿಗೆ ನೇರ ಬಿಸಿಲು ಬಿದ್ದರೆ ನೆಲದ ಮೇಲೆ ಬಣ್ಣದ ತೇಪೆ ಬಿದ್ದು ಮೆಟ್ಟಿಲಿನಿಂದ ಮೆಟ್ಟಿಲಿಗೆ ಸರಿಯುತ್ತಾ ಹೋಗುತ್ತದೆ. ಹಾಲು ಬೆರೆಸಿದಂತಿರುವ ಓಪಲೆಸೆಂಟ್ ಗಾಜು ಬೆಳಕನ್ನು ತನ್ನೊಳಗೇ ಹರಡಿಕೊಳ್ಳುತ್ತದೆ, ತೇಪೆ ಬೀಳುವುದಿಲ್ಲ. ಆದರೆ ಹೊರಗಿನವರ ಕಣ್ಣಿಗೆ ಒಳ್ಳೆಯ ಮರೆ. ರಾತ್ರಿ ಒಳಗೆ ದೀಪವಿದ್ದಾಗ ಪಾರದರ್ಶಕ ಗಾಜು ನಿಮಗೆ ಕಪ್ಪಗೆ ಕಾಣುತ್ತದೆ, ಸೊಬಗೆಲ್ಲ ಬೀದಿಯಲ್ಲಿ ಹೋಗುವವರ ಪಾಲಿಗೆ. ಇದನ್ನು ಅಂಗಡಿಯವರು ಯಾರೂ ಹೇಳುವುದಿಲ್ಲ.

ನನ್ನ ಈಗಿನ ಪಟದಲ್ಲಿ ಮುಕ್ಕಾಲು ಪಾಲು ಬಣ್ಣವಿಲ್ಲದ ಗಾಜೇ: ಕೆಲವು ಅಲೆಅಲೆಯಾಗಿವೆ, ಕೆಲವು ಸಣ್ಣ ಸುತ್ತಿಗೆಯಿಂದ ತಟ್ಟಿದಂತಿವೆ. ಬಣ್ಣ ಎಂದರೆ ಅಂಚಿನಲ್ಲಿ ಒಂದಿಷ್ಟು ಜೇನುಬಣ್ಣದ ಚೌಕಗಳು, ಅಷ್ಟೇ. ಇದು ನನ್ನ ಸ್ವಂತ ಬುದ್ಧಿಯೇನಲ್ಲ. ಶಿಕಾಗೋದಲ್ಲಿ 1910ರಲ್ಲಿ ಮುಗಿದ ರೋಬಿ ಹೌಸ್‌ನ ಕಿಟಕಿಗಳ ಚಿತ್ರಗಳನ್ನು ಹುಡುಕಿ ನೋಡಿ. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಅಲ್ಲಿ ಸ್ವಚ್ಛ ಗಾಜು, ಓರೆಗೆರೆಗಳು, ಅಲ್ಲಲ್ಲಿ ಚಿಟಿಕೆ ಬಣ್ಣ, ಇಷ್ಟರಲ್ಲೇ ಕೆಲಸ ಮುಗಿಸಿದ್ದಾನೆ. ನೂರು ವರ್ಷ ದಾಟಿದರೂ ಹಳತೆನಿಸುವುದಿಲ್ಲ.

ಚಿತ್ರ ಬರೆಸುವಾಗ ಒಂದು ಮಾತು ನೆನಪಿರಲಿ: ಪ್ರತಿ ಗೆರೆಯೂ ಸೀಸದ ಪಟ್ಟಿ, ಪ್ರತಿ ಖಾನೆಯೂ ಬೇರೆ ತುಂಡು. ಕತ್ತರಿಸುವ ಚಕ್ರವನ್ನು ಎಳೆದಾಗ ಗಾಜಿನ ಮೇಲೆ ಕೂದಲಿನಷ್ಟು ತೆಳ್ಳನೆಯ ಗೀರು ಬೀಳುತ್ತದೆ. ಗೀರಿನ ಆಚೀಚೆ ಹಿಡಿದು ಬಗ್ಗಿಸಿದರೆ ಟಕ್ಕೆಂದು ಅದೇ ದಾರಿಯಲ್ಲಿ ಸೀಳುತ್ತದೆ. ಒಳಕ್ಕೆ ಆಳವಾಗಿ ಕೊರೆದ ತಿರುವಾದರೆ ಬಿರುಕು ಗೀರನ್ನು ಬಿಟ್ಟು ತನ್ನ ದಾರಿ ಹಿಡಿಯುತ್ತದೆ. ನುರಿತವರು ಅಲ್ಲೊಂದು ಗೆರೆ ಸೇರಿಸಿ ಒಂದು ತುಂಡನ್ನು ಎರಡು ಮಾಡುತ್ತಾರೆ. ಅವರು ಹಾಗೆ ಸೇರಿಸಿದರೆ ಜಗಳವಾಡಬೇಡಿ.

ಫಿಲ್ಮ್ ಬಾಡಿಗೆ ಮನೆಗೆ ಸರಿ. ಸ್ವಂತ ಮನೆಗೆ ನನಗೆ ಒಗ್ಗುವುದಿಲ್ಲ. ನಿಜವಾದ ಪಟದಲ್ಲಿ ಒಂದೊಂದು ತುಂಡೂ ತುಸು ಬೇರೆ ಓರೆಯಲ್ಲಿ ಕೂತಿರುತ್ತದೆ. ನೀವು ನಡೆದು ಹೋಗುವಾಗ ಒಂದೊಂದಾಗಿ ಮಿನುಗುತ್ತವೆ. ಒಂದೇ ಗಾಜಿಗೆ ಫಿಲ್ಮ್ ಅಂಟಿಸಿ ಮೇಲೆ ಸೀಸದ ಪಟ್ಟಿ ಒತ್ತಿದ್ದು ಎಲ್ಲ ಒಟ್ಟಿಗೆ ಮಿನುಗಿ, ಒಟ್ಟಿಗೆ ಆರುತ್ತದೆ.

ಬಾಗಿಲಿನ ವಿಷಯದಲ್ಲಿ ನಿಮ್ಮ ಭಯ ಸರಿಯಾಗಿಯೇ ಇದೆ. ಸೀಸ ಮೆತ್ತಗಿನ ಲೋಹ. ದಿನವೂ ಬಾಗಿಲು ಬಡಿದರೆ ಪಟ ಕ್ರಮೇಣ ಹೊಟ್ಟೆ ಬಿಡುತ್ತದೆ. ಎರಡು ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜುಗಳ ನಡುವೆ ಪಟವನ್ನಿಟ್ಟು ಸುತ್ತ ಮುಚ್ಚಿಸುವುದು ಉತ್ತಮ: ಧೂಳು ಕೂರುವುದಿಲ್ಲ, ಮಕ್ಕಳ ಕೈ ಸೀಸಕ್ಕೆ ತಾಗುವುದಿಲ್ಲ, ಯಾರಾದರೂ ಎಡವಿ ಬಿದ್ದರೂ ಚೂಪಾದ ಚೂರುಗಳಾಗುವುದಿಲ್ಲ. ಟಫನ್ಡ್ ಗಾಜನ್ನು ಹದ ಮಾಡಿದ ಮೇಲೆ ಕತ್ತರಿಸಲಾಗದು, ಆದ್ದರಿಂದ ಅಳತೆ ಮೊದಲೇ ಪಕ್ಕಾ ಆಗಿರಬೇಕು. ಮೂರು ಪದರ ಸೇರಿ ದಪ್ಪವಾಗುವುದರಿಂದ ಬಾಗಿಲ ಚೌಕಟ್ಟಿನ ಕೊರೆತ ಎಷ್ಟು ಆಳವಿರಬೇಕೆಂದು ಬಡಗಿಯೂ ಗಾಜಿನವರೂ ಒಟ್ಟಿಗೆ ಕೂತು ಮಾತಾಡಲಿ. ನಮ್ಮಲ್ಲಿ ಇಬ್ಬರೂ ಬೇರೆ ಬೇರೆ ದಿನ ಬಂದರು. ಬಾಗಿಲನ್ನು ಎರಡು ಸಲ ಕೊರೆಯಬೇಕಾಯಿತು.

ಮೆಟ್ಟಿಲ ಕಿಟಕಿಗೆ ಅಷ್ಟೆಲ್ಲ ಬೇಡ, ಪಟ ದೊಡ್ಡದಾದರೆ ಹಿಂದೊಂದು ಅಡ್ಡ ಸರಳು ಸಾಕು. ಒರೆಸಲು ವಿನೆಗರ್ ಮಾತ್ರ ಮುಟ್ಟಿಸಬೇಡಿ, ಅದು ಸೀಸವನ್ನು ತಿನ್ನುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಕೈ ತೊಳೆದುಕೊಳ್ಳಿ.