ಹೆಡ್ ಬಿಚ್ಚಿಸುವ ಮೊದಲು ಪ್ರೆಶರ್ ಟೆಸ್ಟ್ ಮಾಡಿಸಿ

ನೆಲದ ಮೇಲೆ ಒಂದು ಹನಿ ಇಲ್ಲ, ಡೀಸೆಲ್ ಎಸ್‌ಯುವಿಯ ಕೂಲೆಂಟ್ (ಇಂಜಿನ್ ತಣ್ಣಗಿಡುವ ದ್ರವ) ಮಾತ್ರ ಇಳೀತಾ ಇದೆ, ಗ್ಯಾರೇಜಿನವರು ಹೆಡ್ ಗ್ಯಾಸ್ಕೆಟ್ (ಇಂಜಿನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲು) ಹೋಗಿದೆ ಅಂತಿದ್ದಾರೆ, ಮಾಡಿಸೋದಾ ಗಾಡಿ ಮಾರೋದಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ಎಲ್ಲಿಂದ ಹೋಗ್ತಾ ಇದೆ ಅಂತಲೇ ಗೊತ್ತಿಲ್ಲವಲ್ಲ.

ನಮ್ಮದೂ ಡೀಸೆಲ್, ಏಳು ಸೀಟಿನದು. ಮನೆ ಬದಿಯಡ್ಕದಿಂದ ಸ್ವಲ್ಪ ಒಳಗೆ. ಅಪ್ಪ ಅಡಿಕೆ ಕೊಡಲು ಪೇಟೆಗೆ ಒಯ್ಯುತ್ತಾರೆ, ತಮ್ಮ ಕಾಸರಗೋಡಿಗೆ, ನಾನು ಮಂಗಳೂರಿಗೆ. ಭಾವ ಬಂದರೆ ಅವರ ಕೈಗೂ ಕೀ ಹೋಗುತ್ತದೆ. ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ಕೂಲೆಂಟ್ ಟ್ಯಾಂಕಿನ ಮಟ್ಟ ಇಳಿಯಲು ಶುರುವಾಯಿತು. ಬಾನೆಟ್ ಎತ್ತಿದವರು ಸುಮ್ನೆ ನೀರು ಹೊಯ್ದು ಮುಚ್ಚಿದರು. ಅಪ್ಪನದು ಸುರಂಗದ ನೀರು. ಗುಡ್ಡ ಕೊರೆದು ತೆಗೆಯುವ ಆ ನೀರು ಕುಡಿಯಲು ಎಷ್ಟು ಒಳ್ಳೆಯದೋ, ಇಂಜಿನಿಗೂ ಅಷ್ಟೇ ಒಳ್ಳೆಯದು ಅಂತ ಅವರ ನಂಬಿಕೆ. ಹೊಯ್ದದ್ದನ್ನು ಯಾರೂ ಯಾರಿಗೂ ಹೇಳಲಿಲ್ಲ.

ನಮ್ಮ ದುಡ್ಡು ಹೋದದ್ದು ಇದರಲ್ಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಿಮ್ಮ ಮನೆಯಲ್ಲೂ ಒಂದೇ ಗಾಡಿಗೆ ನಾಲ್ಕು ಡ್ರೈವರ್ ಇರಬಹುದು. ಪ್ರತಿಯೊಬ್ಬರೂ ಸ್ವಲ್ಪ ಸ್ವಲ್ಪ ಹೊಯ್ದರೆ ಟ್ಯಾಂಕ್ ಯಾವಾಗಲೂ ತುಂಬಿದ ಹಾಗೇ ಕಾಣುತ್ತದೆ. ಒಟ್ಟು ಎಷ್ಟು ಹೋಯಿತು ಅನ್ನುವ ಲೆಕ್ಕ ಯಾರ ಹತ್ತಿರವೂ ಇರುವುದಿಲ್ಲ. ದಿನಾ ಒಂದೇ ಸಮ ಇಳಿಯುತ್ತದಾ, ಘಾಟಿ ಹತ್ತಿದ ದಿನ ಮಾತ್ರ ಇಳಿಯುತ್ತದಾ, ನಿಲ್ಲಿಸಿಟ್ಟಾಗಲೂ ಇಳಿಯುತ್ತದಾ? ಒಂದೊಂದಕ್ಕೂ ಕಾರಣ ಬೇರೆ ಇರಬಹುದು. ಇನ್ನೊಂದು, ಕೂಲೆಂಟ್ ಒಣಗಿದ ಕಡೆ ಗುಲಾಬಿಯೋ ಹಸಿರೋ ಬಣ್ಣದ ಪುಡಿ ಕೂರುತ್ತದೆ. ಲೀಕ್ ಹುಡುಕುವವರಿಗೆ ಅದೇ ಗುರುತು. ನಾವು ನೀರು ಹೊಯ್ದು ಹೊಯ್ದು ಬಣ್ಣವೇ ಹೋಗಿತ್ತು, ಗುರುತು ಬೀಳುವುದಾದರೂ ಹೇಗೆ? ಅದರ ಜೊತೆ ತುಕ್ಕು ತಡೆಯುವ ಅಂಶವೂ ತೆಳ್ಳಗಾಯಿತು.

ಗ್ಯಾರೇಜಿನಲ್ಲಿ ಕೇಳಿದಾಗ ಅಪ್ಪ "ಅಪರೂಪಕ್ಕೊಮ್ಮೆ" ಅಂದರು, ತಮ್ಮ "ವಾರ ವಾರ" ಅಂದ. ಹೊರಗೆ ಲೀಕ್ ಇಲ್ಲ, ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆ. ಹಾಗಾದರೆ ಹೆಡ್ಡೇ ಅಂದರು ಗ್ಯಾರೇಜಿನವರು. ನಾವೂ ತಲೆ ಆಡಿಸಿದೆವು. ಹೆಡ್ ಇಳಿಸಿ ನೋಡಿದರೆ ಗ್ಯಾಸ್ಕೆಟ್ ಸರಿಯಾಗಿಯೇ ಇದೆ! ಬಿಚ್ಚಿ ಆಯಿತಲ್ಲ, ಹೊಸ ಗ್ಯಾಸ್ಕೆಟ್, ಹೊಸ ಬೋಲ್ಟ್, ಲೇತಿನಲ್ಲಿ ಹೆಡ್ಡಿನ ತಳ ಸಮ ಮಾಡುವ ಫೇಸಿಂಗ್, ಲೇಬರ್ ಎಲ್ಲದಕ್ಕೂ ಬಿಲ್ ಆಯಿತು. ಗಾಡಿ ಮನೆಗೆ ಬಂದ ವಾರದಲ್ಲೇ ಟ್ಯಾಂಕ್ ಮತ್ತೆ ಕೆಳಗೆ.

ಆಮೇಲೆ ಮಂಗಳೂರಿನ ಒಬ್ಬ ಮೆಕ್ಯಾನಿಕ್ ಹತ್ತಿರ ಹೋದೆವು. ಅವರ ಮೊದಲ ಮಾತು: "ಎಷ್ಟು ಕಿಲೋಮೀಟರಿಗೆ ಎಷ್ಟು ಹೋಗ್ತದೆ ಮಾರಾಯ್ರೆ?" ನಾವು ಮುಖ ಮುಖ ನೋಡಿಕೊಂಡೆವು. ಅವರು ಹಳೆಯದನ್ನೆಲ್ಲ ತೆಗೆದು ಹೊಸ ಕೂಲೆಂಟ್ ತುಂಬಿದರು, ಇಂಜಿನ್ ತಣ್ಣಗಿರುವಾಗ ಟ್ಯಾಂಕಿಗೆ ಮಾರ್ಕರಿನಲ್ಲಿ ಗೆರೆ ಎಳೆದರು. ಒಂದು ಲೀಟರ್ ಕೂಲೆಂಟ್ ಬಾಟಲಿ ಕೊಟ್ಟು, ಯಾರೇ ಹಾಕಲಿ, ಇದರಿಂದಲೇ ಹಾಕಬೇಕು ಅಂದರು. ಬಾಟಲಿ ಎಷ್ಟು ಖಾಲಿಯಾಯಿತೋ ಅಷ್ಟೇ ಲೆಕ್ಕ.

ಮುಂದಿನ ಸಲ ಹೋದಾಗ ಪ್ರೆಶರ್ ಟೆಸ್ಟ್. ತಣ್ಣಗಿರುವ ಇಂಜಿನಿನ ಟ್ಯಾಂಕಿಗೆ ಮುಚ್ಚಳದ ಬದಲು ಕೈಪಂಪು ಕೂರಿಸಿ, ಸುಮಾರು 1 ಬಾರ್ ಒತ್ತಡ ಕೊಟ್ಟು ಬಿಟ್ಟರು. ಪಂಪಿನ ಮೀಟರಿನ ಮುಳ್ಳು ಮೆಲ್ಲಗೆ ಇಳಿಯಿತು, ಹೊರಗೆ ಎಲ್ಲ ಒಣ. ಹಾಗಾದರೆ ಒಳಗೇ ಹೋಗುತ್ತಿದೆ. ಆದರೂ ಅವರು ಹೆಡ್ ಮುಟ್ಟಲಿಲ್ಲ. ಇಜಿಆರ್ ಕೂಲರಿನ (ಇಂಜಿನಿನ ಹೊಗೆಯಲ್ಲಿ ಒಂದಷ್ಟನ್ನು ತಣ್ಣಗೆ ಮಾಡಿ ಮತ್ತೆ ಇಂಜಿನಿಗೇ ಕಳಿಸುವ ಭಾಗ) ಪೈಪ್ ಬಿಚ್ಚಿ ಬಿಳಿ ಬಟ್ಟೆಯಲ್ಲಿ ಒಳಗೆ ಒರೆಸಿದರು. ಒಣ ಮಸಿ ಇರಬೇಕಾದ ಕಡೆ ಒದ್ದೆ ಮಸಿ, ಬಟ್ಟೆಯ ಅಂಚಿನಲ್ಲಿ ಗುಲಾಬಿ ಬಣ್ಣದ ಕೂಲೆಂಟ್.

ಈ ಕೂಲರಿನಲ್ಲಿ ಬಿಸಿ ಹೊಗೆ ಒಂದು ಕಡೆ, ಕೂಲೆಂಟ್ ಇನ್ನೊಂದು ಕಡೆ, ನಡುವೆ ತೆಳ್ಳಗಿನ ಲೋಹ. ಅದು ಬಿರುಕು ಬಿಟ್ಟರೆ ಕೂಲೆಂಟ್ ಹೊಗೆಯ ದಾರಿಗೆ ಇಳಿದು ಸೈಲೆನ್ಸರಿನಲ್ಲಿ ಆವಿಯಾಗಿ ಹೋಗುತ್ತದೆ. ನೆಲ ಒದ್ದೆಯಾಗುವುದಿಲ್ಲ, ಕೂಲೆಂಟ್ ಬೆರೆತು ಆಯಿಲ್ ಹಾಲಿನಂತಾಗುವುದೂ ಇಲ್ಲ. ಕೂಲರ್ ಬದಲಿಸಿದ ಮೇಲೆ ನಮ್ಮ ಗೆರೆ ಅಲ್ಲೇ ನಿಂತಿದೆ.

ನಿಮ್ಮದೂ ಅದೇ ಅಂತ ನಾನು ಹೇಳುವುದಿಲ್ಲ. ಮೊದಲು ಟ್ಯಾಂಕಿನ ಮುಚ್ಚಳ ಹೊಸದು ಹಾಕಿ, ಕಡಿಮೆ ಖರ್ಚಿನ ಕೆಲಸ. ಅದು ಒತ್ತಡ ಹಿಡಿಯದಿದ್ದರೆ ಕೂಲೆಂಟ್ ಬೇಗ ಕುದಿದು ಆವಿಯಾಗಿ ಹೋಗುತ್ತದೆ. ಇಂಜಿನ್ ಬಿಸಿ ಇರುವಾಗ ಮಾತ್ರ ಮುಚ್ಚಳ ಮುಟ್ಟಬೇಡಿ, ಮುಖಕ್ಕೇ ಚಿಮ್ಮುತ್ತದೆ. ವಾಟರ್ ಪಂಪಿನ ಕೆಳಗೆ, ಹೋಸ್ ಕ್ಲಿಪ್ಪುಗಳ ಸುತ್ತ ಟಾರ್ಚ್ ಬಿಟ್ಟು ಒಣಗಿದ ಪುಡಿ ಇದೆಯಾ ನೋಡಿ. ಮುಂದಿನ ಸೀಟಿನ ಕಾಲಡಿಯ ಕಾರ್ಪೆಟ್ ಒದ್ದೆ ಇದ್ದರೆ ಬೆರಳಲ್ಲಿ ಉಜ್ಜಿ ನೋಡಿ. ಎಸಿ ನೀರೋ ಮಳೆ ನೀರೋ ಆದರೆ ಅಂಟುವುದಿಲ್ಲ. ಅಂಟಿದರೆ, ಸಿಹಿ ವಾಸನೆ ಬಂದರೆ ಹೀಟರ್ ಕೋರ್, ಅಂದರೆ ಬಿಸಿ ಕೂಲೆಂಟಿನಿಂದ ಗಾಡಿಯೊಳಗೆ ಬಿಸಿ ಗಾಳಿ ಕೊಡುವ ಭಾಗ, ಸೋರುತ್ತಿದೆ. ನಮ್ಮ ಸೆಕೆಯಲ್ಲಿ ಯಾರೂ ಹೀಟರ್ ಹಾಕುವುದಿಲ್ಲ, ಹಾಗಾಗಿ ಅದರ ನೆನಪೂ ಬರುವುದಿಲ್ಲ. ಕೂಲೆಂಟನ್ನು ನಾಲಿಗೆಗೆ ತಾಗಿಸಬೇಡಿ, ವಿಷ ಅದು. ಚೆಲ್ಲಿದ್ದನ್ನು ನಾಯಿ ಬೆಕ್ಕು ನೆಕ್ಕದ ಹಾಗೆ ತೊಳೆದುಬಿಡಿ.

ಇಷ್ಟಾದ ಮೇಲೆ ಪ್ರೆಶರ್ ಟೆಸ್ಟ್. ಅದಾದ ಮೇಲೂ ಹೆಡ್ ಮೇಲೆಯೇ ಅನುಮಾನ ಅಂದರೆ ನೀಲಿ ದ್ರವದ ಟೆಸ್ಟ್ ಕೇಳಿ. ಟ್ಯಾಂಕಿನ ಗಾಳಿಯಲ್ಲಿ ಇಂಜಿನ್ ಹೊಗೆ ಇದ್ದರೆ ಬಣ್ಣ ಬದಲಾಗುತ್ತದೆ. ಆದರೆ ಡೀಸೆಲಿನಲ್ಲಿ ಇಜಿಆರ್ ಕೂಲರ್ ಒಡೆದಿದ್ದರೂ ಬಣ್ಣ ಬದಲಾಗಬಹುದು, ಹಾಗಾಗಿ ಕೂಲರ್ ನೋಡದೆ ಹೆಡ್ಡಿಗೆ ಒಪ್ಪಬೇಡಿ. ಈ ಟೆಸ್ಟುಗಳನ್ನು ಮಾಡಲ್ಲ ಅನ್ನುವ ಗ್ಯಾರೇಜಿನಿಂದ ಗಾಡಿ ತೆಗೆದುಕೊಂಡು ಬನ್ನಿ. ಲೀಕ್ ಮುಚ್ಚುವ ಪುಡಿಯನ್ನಂತೂ ಹಾಕಲೇಬೇಡಿ, ರೇಡಿಯೇಟರಿನ ಸಣ್ಣ ದಾರಿಗಳೂ ಕಟ್ಟಿಕೊಳ್ಳುತ್ತವೆ.

ರಿಪೇರಿ ಆದ ಮೇಲೆ ಒಳಗಿನ ಗಾಳಿ ಪೂರ್ತಿ ತೆಗೆಸಿ. ಸ್ವಲ್ಪ ಗಾಳಿ ಉಳಿದಿದ್ದರೆ ಮೊದಲ ಕೆಲವು ದಿನ ಮಟ್ಟ ಇಳಿಯುತ್ತದೆ. ಅದನ್ನು ನೋಡಿ ಗಾಬರಿಯಾಗಬೇಡಿ, ನಿಮ್ಮ ಟ್ಯಾಂಕಿಗೂ ಗೆರೆ ಎಳೆದು, ಒಂದೇ ಬಾಟಲಿಯಿಂದ ಗೆರೆಯವರೆಗೆ ಹಾಕಿ. ಆಮೇಲೂ ಇಳಿದರೆ ಮಾತ್ರ ವಾಪಸ್ ಒಯ್ಯಿರಿ.