ಮರಳಿನ ಕಾಲಮ್‌ನಲ್ಲಿ ಮಾಡೆಲ್ ಹೇಳಿದ್ದಕ್ಕಿಂತ ಜಾಸ್ತಿ ಕಣ ಸಿಕ್ಕಿಕೊಳ್ಳುತ್ತಿವೆ, ಸಮೀಕರಣ ಬದಲಾಯಿಸಬೇಕಾ?

ನಿಮ್ಮ ಪ್ರಶ್ನೆ ಓದಿದ ಕೂಡಲೇ ನನ್ನ ಎಂ.ಟೆಕ್ ಎರಡನೇ ವರ್ಷ ಕಣ್ಮುಂದೆ ಬಂತು. ಕಾಲಮ್ ಅಂದರೆ ಮರಳು ತುಂಬಿದ ಕೊಳವೆ; ಅದರಲ್ಲಿ ಕಣ ಬೆರೆಸಿದ ನೀರು ಹಾಯಿಸಿ ಎಷ್ಟು ಕಣ ಹೊರಬರುತ್ತದೆ ಅಂತ ಎಣಿಸುವ ಪ್ರಯೋಗ. ಅದೇ ಮರಳು, ಅದೇ 1 ಮೈಕ್ರಾನಿನ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಲ್ಯಾಟೆಕ್ಸ್ ಕಣ. ಕಣ ಮರಳಿನ ಕಾಳಿಗೆ ಬಂದು ತಾಗುವ ಸಾಧ್ಯತೆಯನ್ನು ಲೆಕ್ಕ ಹಾಕುವ ರಾಜಗೋಪಾಲನ್–ಟಿಯೆನ್ ಸಮೀಕರಣ ಬಿಟ್ಟು, ಅದೇ ಕೆಲಸದ ತುಫೆಂಕ್ಜಿ–ಎಲಿಮೆಲೆಕ್ ಸಮೀಕರಣ ಹಿಡಿಯಲಾ ಅಂತ ಕೇಳಿದ್ದೀರಿ. ಬೇಡ. ಸದ್ಯಕ್ಕೆ ಸಮೀಕರಣದ ತಂಟೆಗೇ ಹೋಗಬೇಡಿ. ಆ ಕೆಲಸದಲ್ಲಿ ನಾನು ಏಳು ತಿಂಗಳು ಕಳೆದಿದ್ದೇನೆ.

ನನ್ನ ಕಾಲಮ್ 20 ಸೆಂ.ಮೀ. ಉದ್ದ. ಅರ್ಧ ಮಿಲಿಮೀಟರಿನ ಹೊಳೆ ಮರಳು. ನೀರಿನಲ್ಲಿ ಉಪ್ಪಿನಂಶ ತೀರಾ ಕಡಿಮೆ. ಕಣಕ್ಕೂ ನೆಗೆಟಿವ್ ಚಾರ್ಜ್, ಮರಳಿಗೂ ನೆಗೆಟಿವ್ ಚಾರ್ಜ್. ಒಂದನ್ನೊಂದು ದೂಡಬೇಕು, ಹೆಚ್ಚುಕಡಿಮೆ ಎಲ್ಲ ಕಣವೂ ಹೊರಗೆ ಬರಬೇಕು ಅಲ್ವಾ? ಬಂದದ್ದು ನೂರಕ್ಕೆ 55.

ರಾಜಗೋಪಾಲನ್–ಟಿಯೆನ್ ಅವರ 1976ರ ಸಮೀಕರಣ ಹಾಕಿದೆ. ತುಫೆಂಕ್ಜಿ–ಎಲಿಮೆಲೆಕ್ ಅವರ 2004ರದ್ದು ಹಾಕಿದೆ. ಮರಳಿನ ನಡುವಿನ ಖಾಲಿ ಜಾಗದ ಪ್ರಮಾಣವನ್ನು ಮತ್ತೆ ಅಳೆದೆ. ಪಂಪ್ ಬದಲಾಯಿಸಿದೆ. ಏನು ಮಾಡಿದರೂ ಅಷ್ಟೇ.

ಒಂದು ಸಂಜೆ ಗಾಜಿನ ಸಾಮಾನು ಎತ್ತಿಡಲು ಬಂದ ಲ್ಯಾಬ್ ಅಟೆಂಡರ್ ಟ್ರೇ ಕಡೆ ನೋಡಿ, "ಮೇಡಂ, ಈ ಮರಳು ಇನ್ನೂ ಕೆಂಪಗೈತಲ್ಲ, ತೊಳೆದಿಲ್ವಾ?" ಅಂದರು. ತೊಳೆದಿದ್ದೆ. ಹತ್ತು ಹನ್ನೆರಡು ಸಲ, ತೊಳೆದ ನೀರು ತಿಳಿಯಾಗುವವರೆಗೆ. ಆದರೂ ಒಂದು ಚಿಟಿಕೆ ಬಿಳಿ ಹಾಳೆಯ ಮೇಲೆ ಹರಡಿ ಭೂತಗನ್ನಡಿ ಹಿಡಿದೆ. ಕಾಳುಗಳ ಮೈಮೇಲೆ, ಅದರಲ್ಲೂ ಕುಳಿ ಬಿದ್ದ ಕಡೆಗಳಲ್ಲಿ, ಇಟ್ಟಿಗೆ ಬಣ್ಣದ ಕಲೆ ಇತ್ತು.

ನನ್ನ ತಪ್ಪು ಇದೇ, ದಯವಿಟ್ಟು ಸ್ವಲ್ಪ ನಿಧಾನವಾಗಿ ಓದಿ. ತೊಳೆದ ನೀರು ತಿಳಿಯಾದರೆ ಮರಳು ಶುದ್ಧ ಅಂತ ನಾನು ನಂಬಿದ್ದೆ. ನೀರಿಗೆ ಹೋಗುವುದು ಸಡಿಲವಾಗಿರುವ ಮಣ್ಣು ಮಾತ್ರ. ಕಾಳಿಗೆ ಅಂಟಿ ಕೂತ ಕಬ್ಬಿಣದ ಆಕ್ಸೈಡು, ಅಂದರೆ ತುಕ್ಕಿನಂಥ ಪದರ, ನೂರು ಸಲ ತೊಳೆದರೂ ಹೋಗುವುದಿಲ್ಲ. ಬೆಣಚುಕಲ್ಲಿನ ಮೈ ನೆಗೆಟಿವ್. ಆದರೆ ನನ್ನ ನೀರಿನ ಪಿಎಚ್ 6ರ ಹತ್ತಿರ ಇತ್ತು. ಆ ಪಿಎಚ್‌ನಲ್ಲಿ ಕಬ್ಬಿಣದ ಆಕ್ಸೈಡಿನ ಮೈ ಪಾಸಿಟಿವ್. ಮರಳಿನ ಕಾಳಿನ ಮೈಮೇಲೆ ಅಲ್ಲಲ್ಲಿ ಅಂಟಿನ ಚುಕ್ಕೆ ಇಟ್ಟ ಹಾಗೆ. ನೆಗೆಟಿವ್ ಕಣ ಬಂದು ಅಲ್ಲಿ ತಾಗಿದರೆ ಕೂತೇಬಿಡುತ್ತದೆ. ಇಡೀ ಕಾಳಿನ ಸರಾಸರಿ ಚಾರ್ಜ್ ಅಳೆದರೆ ಆಗಲೂ ನೆಗೆಟಿವ್ ಅಂತಲೇ ತೋರಿಸುತ್ತದೆ. ನಾನು ಮೋಸಹೋದದ್ದು ಅಲ್ಲೇ. ಸರಾಸರಿಯನ್ನು ನಂಬಿದೆ, ಚುಕ್ಕೆಗಳನ್ನು ನೋಡಲಿಲ್ಲ.

ಗಾಢ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಒಂದು ದಿನ ನೆನೆಹಾಕಿದೆ. ಬೆಳಿಗ್ಗೆ ಬೀಕರ್ ನೋಡಿದರೆ, ಕರಗಿದ ಕಬ್ಬಿಣದಿಂದ ಆಸಿಡ್ ಹಳದಿ. ಶುದ್ಧ ನೀರಿನಲ್ಲಿ ಪಿಎಚ್ ಸ್ಥಿರವಾಗುವವರೆಗೆ ತೊಳೆದು ಮತ್ತೆ ಕಾಲಮ್ ತುಂಬಿದೆ. ಈ ಸಲ ನೂರಕ್ಕೆ 94 ಹೊರಗೆ ಬಂತು.

ಸಮೀಕರಣ ಬದಲಾಯಿಸಿದರೆ ಪ್ರಯೋಜನವಿಲ್ಲ ಅಂದೆನಲ್ಲ, ಕಾರಣ ಹೇಳುತ್ತೇನೆ. 1971ರಲ್ಲಿ ಯಾವೊ, ಹಬೀಬಿಯನ್, ಓಮೆಲಿಯಾ ಕೊಟ್ಟ ಮಾಡೆಲ್‌ನಲ್ಲಿ ಎರಡು ಸಂಖ್ಯೆ ಬೇರೆಬೇರೆ ಇವೆ. ಈಟಾ ಅಂದರೆ ಕಣ ಕಾಳಿಗೆ ಬಂದು ತಾಗುವ ಸಾಧ್ಯತೆ. ಆಲ್ಫಾ ಅಂದರೆ ತಾಗಿದವುಗಳಲ್ಲಿ ಎಷ್ಟು ಅಂಟಿದವು ಎಂಬುದು. ನೀವು ಹೆಸರಿಸಿದ ಎರಡೂ ಸಮೀಕರಣ ಕೊಡುವುದು ಈಟಾ ಮಾತ್ರ. ನನ್ನ ಕಾಲಮ್‌ನಂಥದ್ದಕ್ಕೆ, ಸೆಕೆಂಡಿಗೆ 0.1 ಮಿ.ಮೀ. ವೇಗದಲ್ಲಿ, ಈಟಾ ಸುಮಾರು 0.004. ಆಲ್ಫಾ 1 ಆದರೆ ನೂರಕ್ಕೆ 24 ಕಣ ಹೊರಬರುತ್ತವೆ. ಆಲ್ಫಾ 0.01 ಆದರೆ 98ಕ್ಕೂ ಜಾಸ್ತಿ. ಈಗ ಈಟಾವನ್ನು ನೂರಕ್ಕೆ 20ರಷ್ಟು ಏರಿಸಿ ನೋಡಿ. ಆಲ್ಫಾ 0.01 ಇದ್ದಾಗ ಉತ್ತರ 98ರಿಂದ ಕದಲುವುದೇ ಇಲ್ಲ. ನಿಮ್ಮ ಅಳತೆಗೂ ಲೆಕ್ಕಕ್ಕೂ ನಡುವೆ ಇರುವ ಅಂತರ ಆಲ್ಫಾದಲ್ಲಿ ಇದೆ. ಆ ಆಲ್ಫಾ ಮರಳಿನ ಮೈಯಲ್ಲೂ ನೀರಿನಲ್ಲೂ ಇದೆ, ಸಾಫ್ಟ್‌ವೇರಿನಲ್ಲಿ ಇಲ್ಲ.

ಜರಡಿಯಲ್ಲಿ ಸಿಕ್ಕಿಕೊಂಡ ಹಾಗೆ ಕಣ ಮರಳಿನ ಸಂದಿಗಳಲ್ಲಿ ಸಿಕ್ಕಿಕೊಂಡಿರಬಹುದು ಅಂತಲೂ ಬರೆದಿದ್ದೀರಿ. ಅರ್ಧ ಮಿ.ಮೀ. ಕಾಳುಗಳು ಒತ್ತಿ ಕೂತರೂ ಮೂರು ಕಾಳಿನ ನಡುವಿನ ಸಂದಿ 75 ಮೈಕ್ರಾನಿಗಿಂತ ಕಡಿಮೆ ಆಗುವುದು ಅಪರೂಪ. 1 ಮೈಕ್ರಾನಿನ ಕಣ ಸಲೀಸಾಗಿ ದಾಟುತ್ತದೆ. ಕಣಗಳು ಒಂದಕ್ಕೊಂದು ಅಂಟಿ ಗುಂಪಾಗಿದ್ದರೆ ಮಾತ್ರ ಆ ಮಾತು ಎತ್ತಿ.

ಇನ್ನೊಂದು ವಿಷಯ. ಹೊರಬಂದ ನೀರನ್ನಷ್ಟೇ ಎಣಿಸಬೇಡಿ. ಪ್ರಯೋಗ ಮುಗಿದ ಮೇಲೆ ಮರಳನ್ನು ಎರಡೆರಡು ಸೆಂ.ಮೀ. ಬಿಲ್ಲೆಯಾಗಿ ತೆಗೆದು, ಒಂದೊಂದರಲ್ಲೂ ಎಷ್ಟು ಕಣ ಉಳಿದಿದೆ ನೋಡಿ. ಗೈಡ್ ಟೈಮಿಲ್ಲ ಅಂದರೂ ಮಾಡಿ. ಒಂದೇ ಆಲ್ಫಾ ಇದ್ದಿದ್ದರೆ ಲಾಗ್ ಹಾಳೆಯಲ್ಲಿ ಗೆರೆ ನೆಟ್ಟಗೆ ಇಳಿಯುತ್ತದೆ. ನನ್ನ ಹಳೆಯ ಕಾಲಮ್‌ನ ಮೊದಲ ಬಿಲ್ಲೆಯಲ್ಲೇ ಲೆಕ್ಕಕ್ಕಿಂತ ತುಂಬಾ ಜಾಸ್ತಿ ಇತ್ತು. ಮೊದಲ ವಾರವೇ ಇದನ್ನು ಮಾಡಿದ್ದರೆ ನನಗೆ ಆಗಲೇ ಅನುಮಾನ ಬರುತ್ತಿತ್ತು.

ಈಗ ಬಳಸುತ್ತಿರುವ ಮರಳು ಉಳಿದಿದ್ದರೆ ಎಸೆಯಬೇಡಿ. ಒಂದು ಮುಷ್ಟಿ ತೆಗೆದು ಫ್ಯೂಮ್ ಹುಡ್ (ಆಸಿಡ್ ಹಬೆಯನ್ನು ಹೊರಗೆಳೆಯುವ ಗೂಡು) ಒಳಗೆ ಆಸಿಡ್‌ನಲ್ಲಿ ನೆನೆಹಾಕಿ. ಗ್ಲೌಸು, ಕನ್ನಡಕ ಹಾಕಿಕೊಳ್ಳಿ. ನಾಳೆ ಬೆಳಿಗ್ಗೆ ಯಾವ ಬಣ್ಣ ಬಂತು ಅಂತ ಇಲ್ಲೇ ಬರೆಯಿರಿ, ಮುಂದಿನದನ್ನು ಒಟ್ಟಿಗೆ ನೋಡೋಣ.