ಹೈಕಮಾಂಡ್ ಮೇಲಿನ ಸಿಟ್ಟು ಮತ್ತು ಆರನೇ ಪುಟದ ನಾಲ್ಕು ಸಾಲು

ನಮಸ್ಕಾರ.

‘ಪ್ರಗತಿಪರನ ಅರಣ್ಯರೋದನ’ ಎಂಬ ನಿಮ್ಮ ಲೇಖನ ತಲುಪಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸುವುದಿಲ್ಲ. ಎರಡು ಸಾಲಿನ ವಿಷಾದಪತ್ರ ಬರೆದು ಮುಗಿಸಬಹುದಿತ್ತು, ಮನಸ್ಸು ಬರಲಿಲ್ಲ. ಆರನೇ ಪುಟದಲ್ಲಿ ನಾಲ್ಕು ಸಾಲುಗಳಿವೆ, ಅವುಗಳಿಗಾಗಿ ಈ ಉದ್ದನೆಯ ಉತ್ತರ. ನೀವು ಒಪ್ಪಿಗೆ ಕೊಟ್ಟಿರುವುದರಿಂದ ನಿಮ್ಮ ಹೆಸರು, ಊರು ಬಿಟ್ಟು ಇದನ್ನು ಪತ್ರಿಕೆಯಲ್ಲೂ ಹಾಕುತ್ತಿದ್ದೇವೆ. ಇದೇ ಧಾಟಿಯ ಬರಹಗಳು ನಮಗೆ ರಾಶಿ ರಾಶಿ ಬರುತ್ತವೆ.

ಓದುಗರಿಗಾಗಿ ಲೇಖನದ ಸಾರ ಹೇಳಿಬಿಡುತ್ತೇನೆ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಜನಪರ ಸಂಘಟನೆಗಳ ‘ಎದ್ದೇಳು ಕರ್ನಾಟಕ’ ಅಭಿಯಾನದ ಕರಪತ್ರ ಹಿಡಿದು ಮನೆಮನೆ ಸುತ್ತಿದ ಯುವಕ ನೀವು. ಕಾಂಗ್ರೆಸ್ 135 ಸ್ಥಾನ ಗೆದ್ದಾಗ ಕುಣಿದಿರಿ. ಆಮೇಲೆ ಒಂದೊಂದಾಗಿ ನಿರಾಶೆಗಳು. ರಾಷ್ಟ್ರ ನಾಯಕತ್ವ ಹೇಳುವುದೊಂದು, ಮಾಡುವುದೊಂದು; ಪಕ್ಷದೊಳಗೆ ಪ್ರಜಾಪ್ರಭುತ್ವವಿಲ್ಲ; ಜಾತ್ಯತೀತತೆ ಬರೀ ಭಾಷಣದಲ್ಲಿ; ಪ್ರಗತಿಪರರು ಚುನಾವಣೆಗೆ ಬೇಕು, ಅಧಿಕಾರಕ್ಕೆ ಬೇಡ. ಹನ್ನೆರಡು ಪುಟಗಳ ಮಾತು ಇಷ್ಟು. ಇದರಲ್ಲಿ ಬಹುಪಾಲನ್ನು ನಾನೂ ಒಪ್ಪುತ್ತೇನೆ. ನನ್ನ ತಕರಾರು ಬೇರೆ ಕಡೆ ಇದೆ.

ನಿಮ್ಮ ವಾಕ್ಯಗಳಲ್ಲಿ ಕೆಲಸ ಮಾಡುವವರು ಯಾರೂ ಇಲ್ಲ. ಟಿಕೆಟ್ ಹಂಚುವುದು ಹೈಕಮಾಂಡ್, ಮೌನ ವಹಿಸುವುದು ಹೈಕಮಾಂಡ್, ಬೆನ್ನಿಗೆ ಚೂರಿ ಹಾಕುವುದೂ ಹೈಕಮಾಂಡ್. ಹೈಕಮಾಂಡ್ ಇಲ್ಲದ ಕಡೆ ‘ದ್ರೋಹ ಬಗೆಯಲಾಯಿತು’, ‘ಕಡೆಗಣಿಸಲಾಯಿತು’. ಯಾರು, ಯಾವ ದಿನ, ಯಾವ ಕೋಣೆಯಲ್ಲಿ ಕುಳಿತು? 2025ರ ಜೂನ್ ಕೊನೆಯಲ್ಲಿ ಬೆಂಗಳೂರಿಗೆ ಬಂದಿದ್ದ ಮಲ್ಲಿಕಾರ್ಜುನ ಖರ್ಗೆಯವರನ್ನು ಮುಖ್ಯಮಂತ್ರಿ ಬದಲಾವಣೆಯ ಬಗ್ಗೆ ಪತ್ರಕರ್ತರು ಕೇಳಿದರು. ಅದು ಹೈಕಮಾಂಡ್ ಕೈಯಲ್ಲಿದೆ, ಅಲ್ಲಿ ಏನು ನಡೆಯುತ್ತಿದೆ ಎಂದು ಯಾರೂ ಹೇಳಲಾಗದು ಎಂಬರ್ಥದ ಉತ್ತರ ಕೊಟ್ಟರು. ಹೇಳಿದವರು ಪಕ್ಷದ ಅಖಿಲ ಭಾರತ ಅಧ್ಯಕ್ಷರು! ಕಾಂಗ್ರೆಸ್ಸಿನ ಬಗ್ಗೆ ಬರೆಯುವವನ ಕೈಗೆ ಇಂಥದ್ದೊಂದು ಸಿಕ್ಕಿರುವಾಗ ‘ನಾಯಕತ್ವದ ನಿರ್ವಾತ’ ಎಂದು ಗೀಚುವುದೇಕೆ? ಆ ಪ್ರಸಂಗವನ್ನು ಯಾವ ಷರಾ ಇಲ್ಲದೆ ಇಟ್ಟಿದ್ದರೆ ನಿಮ್ಮ ಮೊದಲ ಮೂರು ಪುಟಗಳ ಅಗತ್ಯವೇ ಬೀಳುತ್ತಿರಲಿಲ್ಲ.

ಖರ್ಗೆಯವರನ್ನು ನೀವು ‘ರಬ್ಬರ್ ಸ್ಟಾಂಪ್’ ಎಂದು ಒಂದೇ ಮಾತಿನಲ್ಲಿ ಮುಗಿಸಿರುವುದೂ ನನಗೆ ಹಿಡಿಸಲಿಲ್ಲ. 1972ರಲ್ಲಿ ಗುರುಮಠಕಲ್‌ನಿಂದ ಗೆದ್ದು, ಸೋಲನ್ನೇ ಕಾಣದೆ ದಶಕಗಳ ಕಾಲ ವಿಧಾನಸಭೆಯಲ್ಲಿದ್ದು, ಮುಖ್ಯಮಂತ್ರಿ ಕುರ್ಚಿ ಹತ್ತಿರ ಬಂದಾಗಲೆಲ್ಲ ಅದು ಬೇರೆಯವರ ಪಾಲಾಗುವುದನ್ನು ನೋಡಿದ ಕಲಬುರಗಿಯ ದಲಿತ ನಾಯಕ ಅವರು. ಬೈಯಿರಿ, ಬೇಡವೆನ್ನುವುದಿಲ್ಲ. ಆದರೆ ಇಷ್ಟು ದೂರ ನಡೆದು ಬಂದವರು ಆ ಉತ್ತರ ಕೊಡುವ ಸ್ಥಿತಿಗೆ ಹೇಗೆ ಬಂದರು ಎಂದು ಒಂದು ಕ್ಷಣವಾದರೂ ಯೋಚಿಸಿ ಬೈಯಿರಿ.

ಒಂದು ತಪ್ಪು ಮಾಹಿತಿ. ‘ಸೋನಿಯಾ ಕಾಲದಲ್ಲಿ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧೆಯೇ ನಡೆಯಲಿಲ್ಲ’ ಎಂದಿದ್ದೀರಿ. ನಡೆದಿತ್ತು. 2000ದಲ್ಲಿ ಪಕ್ಷದ ಹಿರಿಯ ನಾಯಕ ಜಿತೇಂದ್ರ ಪ್ರಸಾದ ಸೋನಿಯಾ ಎದುರು ನಿಂತು 94 ಮತ ಪಡೆದರು. ಸೋನಿಯಾ ಅವರಿಗೆ ಬಿದ್ದದ್ದು 7,448. ಮುಂದಿನ ಸ್ಪರ್ಧೆ 2022ರಲ್ಲಿ, ಖರ್ಗೆ 7,897, ಶಶಿ ತರೂರ್ 1,072. ಪಕ್ಷದೊಳಗಿನ ಪ್ರಜಾಪ್ರಭುತ್ವದ ಬಗ್ಗೆ ನೀವು ಎರಡು ಪುಟ ತುಂಬಿಸಿದ್ದೀರಿ. 94 ಎಂಬ ಒಂದು ಅಂಕಿ ಸಾಕಿತ್ತು.

ಇನ್ನು, ದೆಹಲಿಯಿಂದ ಬಂದು ಯಾರೋ ಹಕ್ಕು ಕಸಿದುಕೊಂಡರು ಎಂಬ ನಿಮ್ಮ ಚಿತ್ರ ಅರ್ಧ ಮಾತ್ರ ಸರಿ. ಮುಖ್ಯಮಂತ್ರಿಯಾಗಿದ್ದ ವೀರೇಂದ್ರ ಪಾಟೀಲರ ಪ್ರಸಂಗ ಹಾಗೆ ನಡೆದದ್ದು ನಿಜ. 1989ರಲ್ಲಿ 224ರಲ್ಲಿ 178 ಸ್ಥಾನ ಗೆಲ್ಲಿಸಿಕೊಟ್ಟವರನ್ನು ಮರುವರ್ಷವೇ, ಅವರು ಹಾಸಿಗೆ ಹಿಡಿದಿರುವಾಗ, ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನಿಂತು ರಾಜೀವ್ ಗಾಂಧಿ ಕೆಳಗಿಳಿಸಿದರು. ಆದರೆ 2023ರ ಮೇ 14ರ ಸಂಜೆ ಬೆಂಗಳೂರಿನ ಹೋಟೆಲಿನಲ್ಲಿ ಸೇರಿದ ಹೊಸ ಶಾಸಕರು ಏನು ಮಾಡಿದರು? ನಾಯಕನನ್ನು ಆರಿಸುವ ಅಧಿಕಾರವನ್ನು ಪಕ್ಷದ ಅಧ್ಯಕ್ಷರಿಗೆ ಒಪ್ಪಿಸುವ ಒಂದು ಸಾಲಿನ ನಿರ್ಣಯವನ್ನು ಒಮ್ಮತದಿಂದ ಅಂಗೀಕರಿಸಿದರು. ವೀಕ್ಷಕರು ಒಬ್ಬೊಬ್ಬರ ಅಭಿಪ್ರಾಯ ಪಡೆದು ದೆಹಲಿಗೆ ಒಯ್ದರು. ಯಾರಿಗೆ ಎಷ್ಟು ಬೆಂಬಲ ಎಂಬುದು ಅಧಿಕೃತವಾಗಿ ಹೊರಬೀಳಲಿಲ್ಲ. ಕಸಿದುಕೊಂಡವರು ಯಾರೂ ಇರಲಿಲ್ಲ, ಇವರೇ ಕೊಟ್ಟು ಕಳುಹಿಸಿದರು. ನೀವು ಕರಪತ್ರ ಹಂಚಿ ಗೆಲ್ಲಿಸಿದ ಶಾಸಕರೂ ಆ ಸಭೆಯಲ್ಲಿದ್ದರು. ಅವರ ಹೆಸರು ನಿಮ್ಮ ಹನ್ನೆರಡು ಪುಟಗಳಲ್ಲಿ ಒಮ್ಮೆಯೂ ಬಂದಿಲ್ಲ.

ಈಗ ಆರನೇ ಪುಟಕ್ಕೆ ಬರುತ್ತೇನೆ. ‘ಜಾತಿ ಗಣತಿಯ ವಿಚಾರದಲ್ಲೂ ಇದೇ ಕತೆ’ ಎಂದು ಶುರುಮಾಡಿ, ನಿಮ್ಮ ತಾಯಿಯ ವಿಷಯವನ್ನು ಅವಸರದಲ್ಲಿ ಹೇಳಿ ಮುಂದಕ್ಕೆ ಓಡಿದ್ದೀರಿ. ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದ ಅವರು 2015ರ ಬೇಸಿಗೆಯಲ್ಲಿ ಗಣತಿದಾರರಾಗಿ ನಿಮ್ಮೂರಿನ ಬೀದಿಗಳನ್ನು ಸುತ್ತಿದ್ದರು. ಜಗಲಿಯ ಮೇಲೆ ಕುಳಿತಿದ್ದ ಒಬ್ಬ ಅಜ್ಜಿಯನ್ನು ಜಾತಿ ಯಾವುದೆಂದು ಕೇಳಿದಾಗ, ‘ಏನೆಂದು ಬರೆಸಬೇಕೋ ನನಗೆ ತಿಳಿಯದು ಟೀಚರಮ್ಮ, ಮಗ ಬರಲಿ, ನಿನ್ನೆ ಸಂಘದವರು ಬಂದು ಹೇಳಿಹೋಗಿದ್ದಾರೆ’ ಎಂದರಂತೆ. ಹತ್ತು ವರ್ಷ ಕಳೆದು ಅದೇ ಬೀದಿಗೆ ನಿಮ್ಮ ಅಕ್ಕ ಹೋದರು. ಅವರೂ ಶಿಕ್ಷಕಿ. ಕೈಯಲ್ಲಿ ನಮೂನೆಯ ಕಟ್ಟಿನ ಬದಲು ಮೊಬೈಲ್ ಆ್ಯಪ್. ವಿದ್ಯುತ್ ಮೀಟರ್ ನೋಡಿ ಅಂಟಿಸಿದ್ದ ಸ್ಟಿಕರ್ ಹುಡುಕುತ್ತಾ, ಒಟಿಪಿ ಬಾರದೆ, ಸರ್ವರ್ ಸಿಗದೆ ಅಂಗಳದಲ್ಲಿ ನಿಂತಿದ್ದಾಗ ಮನೆಯವರು ಕೇಳಿದ್ದು: ‘ನಿಮ್ಮ ಅಮ್ಮ ಬರೆದುಕೊಂಡು ಹೋಗಿದ್ದರಲ್ಲ, ಅದೇನಾಯಿತು?’

ಗೆಳೆಯರೇ, ನಿಮ್ಮ ಲೇಖನ ಇದು. ಉಳಿದ ಹನ್ನೊಂದು ಪುಟಗಳನ್ನು ಯಾರು ಬೇಕಾದರೂ ಬರೆಯಬಲ್ಲರು, ಬರೆದೂ ಇದ್ದಾರೆ.

ಅದೇನಾಯಿತು ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ರಾಷ್ಟ್ರ ರಾಜಕಾರಣ, ಪಕ್ಷದ ನಾಯಕತ್ವ, ಪ್ರಗತಿಪರರ ಭ್ರಮನಿರಸನ ಎಲ್ಲವೂ ತಾವಾಗಿ ಬರುತ್ತವೆ. ಎಚ್. ಕಾಂತರಾಜ ಅಧ್ಯಕ್ಷತೆಯ ಹಿಂದುಳಿದ ವರ್ಗಗಳ ಆಯೋಗ ಆ ಸಮೀಕ್ಷೆ ನಡೆಸಿದ್ದು ಸಿದ್ದರಾಮಯ್ಯನವರ ಮೊದಲ ಅವಧಿಯಲ್ಲಿ. ಅವರ ಅವಧಿ ಮುಗಿಯಿತು, ವರದಿ ಸ್ವೀಕಾರವಾಗಲಿಲ್ಲ. ಜೆಡಿಎಸ್–ಕಾಂಗ್ರೆಸ್ ಸಮ್ಮಿಶ್ರ ಸರ್ಕಾರ ಬಂದು ಹೋಯಿತು, ಬಿಜೆಪಿ ಸರ್ಕಾರ ಬಂದು ಹೋಯಿತು, ವರದಿ ಅಲ್ಲೇ ಇತ್ತು. ಮೂರೂ ಪಕ್ಷಗಳು ಯಾವ ವಿಷಯದಲ್ಲೂ ಇಷ್ಟು ಹೊಂದಾಣಿಕೆಯಿಂದ ನಡೆದುಕೊಂಡಿದ್ದನ್ನು ನಾನು ಕಂಡಿಲ್ಲ.

ಈ ನಡುವೆ 2023ರ ಏಪ್ರಿಲ್ 16ರಂದು ಕೋಲಾರಕ್ಕೆ ಬಂದ ರಾಹುಲ್ ಗಾಂಧಿ, ಜನಸಂಖ್ಯೆಗೆ ತಕ್ಕ ಪಾಲು ಸಿಗಬೇಕೆಂದು ಗುಡುಗಿದರು. 2011ರ ಜಾತಿ ಗಣತಿಯ ಅಂಕಿಅಂಶ ಹೊರಗೆ ಬರಲಿ ಎಂದು ಪ್ರಧಾನಿಗೆ ಸವಾಲು ಹಾಕಿದರು. ಅವರು ಮಾತನಾಡುತ್ತಿದ್ದ ರಾಜ್ಯದ್ದೇ ಆದ, ಅವರದೇ ಪಕ್ಷದ ಸರ್ಕಾರ ಮಾಡಿಸಿದ್ದ ಗಣತಿಯ ಅಂಕಿಅಂಶ ಆ ಹೊತ್ತಿಗೆ ಬೆಂಗಳೂರಿನಲ್ಲಿ ಎಂಟು ವರ್ಷದಿಂದ ಬಿದ್ದಿತ್ತು. ಕೋಲಾರದಿಂದ ಬೆಂಗಳೂರಿಗೆ ಎರಡು ಗಂಟೆಯ ದಾರಿ. ಕೊನೆಗೆ ಅದೇ ಆಯೋಗ, ಕೆ. ಜಯಪ್ರಕಾಶ್ ಹೆಗ್ಡೆ ಅಧ್ಯಕ್ಷತೆಯಲ್ಲಿ, 2024ರ ಫೆಬ್ರುವರಿ 29ರಂದು ವರದಿ ಕೊಟ್ಟಿತು. ಅದು ಸಚಿವ ಸಂಪುಟದ ಮುಂದೆ ಬಂದದ್ದು 2025ರ ಏಪ್ರಿಲ್‌ನಲ್ಲಿ. ಜೂನ್ 10ರಂದು ದೆಹಲಿಯಲ್ಲಿ ಖರ್ಗೆ, ರಾಹುಲ್, ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಕುಳಿತು ಮಾತನಾಡಿದರು. ಹತ್ತು ವರ್ಷ ಹಳೆಯದಾಯಿತು, ಮತ್ತೆ ಎಣಿಸೋಣ ಎಂಬ ತೀರ್ಮಾನ ಹೊರಬಿತ್ತು. ಸೆಪ್ಟೆಂಬರ್ 22ಕ್ಕೆ ನಿಮ್ಮ ಅಕ್ಕ ಬೀದಿಗಿಳಿದರು. ಹಳೆಯದಾಗುವವರೆಗೆ ಇಟ್ಟುಕೊಂಡವರೇ ಹಳೆಯದಾಯಿತು ಎಂದರು. ಇದನ್ನು ‘ವಚನಭಂಗ’ ಎಂದು ಕರೆಯುವ ಗೋಜಿಗೆ ಹೋಗಬೇಡಿ, ತಾರೀಖುಗಳನ್ನು ಸಾಲಾಗಿ ಇಡಿ.

ದೆಹಲಿ ಯಾಕೆ ಹಾಗೆ ತೀರ್ಮಾನಿಸಿತು? ನಿಮ್ಮ ಬರಹ ಮಗ್ಗುಲು ಬದಲಿಸುವುದೇ ಇಲ್ಲಿ. ರಾಹುಲ್ ಅವರಿಗೆ ಬದ್ಧತೆ ಇಲ್ಲ ಎಂದು ನೀವು ಷರಾ ಬರೆದುಬಿಟ್ಟಿದ್ದೀರಿ. ಇರಬಹುದು. ಆದರೆ ವರದಿ ಬೇಡವೆಂದು ಪಟ್ಟು ಹಿಡಿದವರು ದೆಹಲಿಯವರಲ್ಲ. ಒಕ್ಕಲಿಗರ ಸಂಘದ ಮನವಿಗೆ ಸಹಿ ಹಾಕಿದವರಲ್ಲಿ ಉಪಮುಖ್ಯಮಂತ್ರಿ ಶಿವಕುಮಾರ್ ಅವರೂ ಇದ್ದರು. ವೀರಶೈವ ಲಿಂಗಾಯತ ಮಹಾಸಭೆಯ ಅಧ್ಯಕ್ಷರಾಗಿ ವಿರೋಧಿಸುತ್ತಿದ್ದ ಶಾಮನೂರು ಶಿವಶಂಕರಪ್ಪ ಕಾಂಗ್ರೆಸ್ಸಿನ ಶಾಸಕರೇ ಆಗಿದ್ದರು. ಇದು ಹೊಸ ರೋಗವೂ ಅಲ್ಲ, ಒಂದೇ ಪಕ್ಷದ ರೋಗವೂ ಅಲ್ಲ. ಹಿಂದುಳಿದ ವರ್ಗಗಳ ಬಗೆಗಿನ ವೆಂಕಟಸ್ವಾಮಿ ಆಯೋಗದ ವರದಿ 1986ರಲ್ಲಿ ಬಂದಾಗ ಅಧಿಕಾರದಲ್ಲಿದ್ದದ್ದು ಪ್ರಗತಿಪರರೆಲ್ಲ ಕೊಂಡಾಡುತ್ತಿದ್ದ ರಾಮಕೃಷ್ಣ ಹೆಗಡೆಯವರ ಜನತಾ ಸರ್ಕಾರ. ಪ್ರಬಲ ಜಾತಿಗಳ ಸಿಟ್ಟಿಗೆ ಅಂಜಿ ಅದೂ ವರದಿಯನ್ನು ಒಪ್ಪಲಿಲ್ಲ. ಹಿಂದುಳಿದವರ ಮೀಸಲಾತಿಗೆ ದಾರಿಮಾಡಿದ ಹಾವನೂರು ವರದಿಯನ್ನು ದಡ ಮುಟ್ಟಿಸಿದ ದೇವರಾಜ ಅರಸು ಅವರಿಗೆ ಬಲವಿತ್ತು ಎಂದು ನೀವು ಬರೆಯುತ್ತೀರಿ; ಆ ಬಲದ ಹಿಂದೆ ಆಗ ಇದೇ ದೆಹಲಿ ಇತ್ತು ಎಂಬುದನ್ನು ಬರೆಯುವುದಿಲ್ಲ. 1979ರಲ್ಲಿ ಇಂದಿರಾ ಗಾಂಧಿಯವರಿಂದ ಬೇರ್ಪಟ್ಟ ಮೇಲೆ ಅರಸು ಅವರ ಪಕ್ಷ ಎಷ್ಟು ದಿನ ಉಳಿಯಿತು? ನಿಮ್ಮ ವಾದಕ್ಕೆ ತೊಡಕಾಗುವ ಈ ಸಂಗತಿಯನ್ನು ಎತ್ತಿಕೊಂಡು ಗುದ್ದಾಡಿದ್ದರೆ ಲೇಖನಕ್ಕೆ ಕಸುವು ಬರುತ್ತಿತ್ತು.

ದೆಹಲಿಯನ್ನು ಬೈಯುವುದು ಸಲೀಸು. ದೆಹಲಿಯವರು ನಿಮ್ಮೂರಿನ ಮದುವೆಗೆ ಬಂದು ನಿಮ್ಮ ಪಕ್ಕದ ಎಲೆಗೆ ಕೂರುವುದಿಲ್ಲ. ಅಜ್ಜಿಗೆ ಹಿಂದಿನ ದಿನ ಹೇಳಿಹೋದ ಜಾತಿ ಸಂಘದವನು ಕೂರುತ್ತಾನೆ. ಅವನು ಯಾರೆಂದು ನಿಮಗೆ ಗೊತ್ತು. ಬಹುಶಃ ನೀವು ಕರಪತ್ರ ಹಂಚುವಾಗ ಕಾರು ಕೊಟ್ಟವನೂ ಅವನೇ ಇರಬಹುದು, ಇದು ನನ್ನ ಊಹೆ. ಹೌದಾದರೆ ಬರೆಯಿರಿ. ಹೆಸರು ಬೇಡ, ಮಾತು ಬೇಕು, ಅಜ್ಜಿಗೆ ಏನು ಹೇಳಿದ, ಯಾಕೆ ಹೇಳಿದ ಎಂಬುದು ಬೇಕು. ಅವನನ್ನು ಖಳನನ್ನಾಗಿಯೂ ಮಾಡಬೇಡಿ. ತನ್ನ ಜನರ ತಲೆಯೆಣಿಕೆ ಕಡಿಮೆ ಬಂದರೆ ಮಗಳ ಸೀಟು ಹೋದೀತು ಎಂಬ ಭಯ ಅವನಿಗೂ ಇದ್ದೀತು.

ಒಂಬತ್ತನೇ ಪುಟದಲ್ಲಿ ‘ನಮಗೆ ಬೇರೆ ದಾರಿಯಾದರೂ ಎಲ್ಲಿದೆ’ ಎಂದಿದ್ದೀರಿ. ಲೇಖನದಲ್ಲಿ ಪ್ರಾಮಾಣಿಕವಾದ ಮಾತು ಇದೊಂದು, ಅದನ್ನೂ ಅರ್ಧಕ್ಕೆ ಬಿಟ್ಟಿದ್ದೀರಿ. ಪ್ರತಿ ಚುನಾವಣೆಯಲ್ಲೂ ಮೂಗು ಹಿಡಿದುಕೊಂಡು ಅದೇ ಗುಂಡಿ ಒತ್ತುವವರ ಬೇಸರ ಪಕ್ಷಕ್ಕೆ ಯಾಕೆ ತಟ್ಟುವುದಿಲ್ಲ? ಎಲ್ಲಿಗೂ ಹೋಗದ ಮತದಾರನನ್ನು ಓಲೈಸುವ ಅಗತ್ಯ ಯಾವ ಪಕ್ಷಕ್ಕೂ ಇಲ್ಲ, ಸಂಘ ಕಟ್ಟಿಕೊಂಡವರಿಗೆ ಹೋಗುವ ದಾರಿ ಇದೆ. ಹೀಗಿದ್ದೂ ಇದೇ ಸರ್ಕಾರ ಮಣಿದ ಪ್ರಸಂಗವೂ ಇದೆ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆ ಭೂಸ್ವಾಧೀನದ ವಿರುದ್ಧ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತರು. 2025ರ ಜೂನ್‌ನಲ್ಲಿ ಪೊಲೀಸರು ಅವರನ್ನು ಎತ್ತಿ ಹಾಕಿಕೊಂಡು ಹೋದರು. ಜುಲೈ 15ರಂದು ಮುಖ್ಯಮಂತ್ರಿ ಭೂಸ್ವಾಧೀನ ಕೈಬಿಟ್ಟೆವೆಂದು ಪ್ರಕಟಿಸಿದರು. ಆ ರೈತರು ಹೈಕಮಾಂಡ್‌ಗೆ ಬಹಿರಂಗ ಪತ್ರ ಬರೆಯುತ್ತಾ ಕೂರಲಿಲ್ಲ. ಯಾವ ಕಚೇರಿಯ ಯಾವ ಅಧಿಸೂಚನೆ ರದ್ದಾಗಬೇಕೆಂದು ಅವರಿಗೆ ಗೊತ್ತಿತ್ತು. ನಿಮ್ಮ ಅರಣ್ಯರೋದನದಲ್ಲಿ ದೇವನಹಳ್ಳಿ ಒಂದು ಸಾಲಿನಲ್ಲೂ ಇಲ್ಲದ್ದು ನನಗೆ ಸೋಜಿಗ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆರಂಭದ ವಚನ ತೆಗೆಯಿರಿ, ಕೊನೆಯಲ್ಲಿರುವ ಸಂವಿಧಾನದ ಪೀಠಿಕೆಯನ್ನೂ ತೆಗೆಯಿರಿ. ಎರಡೂ ನಿಮ್ಮ ನೆರವಿಲ್ಲದೆ ಚೆನ್ನಾಗಿಯೇ ಇವೆ. ‘ಪ್ರಸ್ತುತ ವಿದ್ಯಮಾನಗಳನ್ನು ಅವಲೋಕಿಸಿದಾಗ’ ಎಂಬಂಥ ಮಾತು ಕಂಡಲ್ಲೆಲ್ಲ ಅವಲೋಕಿಸಿದ್ದೇನೆಂದು ನೇರವಾಗಿ ಹೇಳಿ. ‘ಫ್ಯಾಸಿಸ್ಟ್’ ಒಂದೇ ಪುಟದಲ್ಲಿ ಏಳು ಸಲ ಬಂದರೆ ಎಂಟನೆಯದು ನಿಜವಾಗಿ ಬೇಕಾದಾಗ ಕೆಲಸ ಮಾಡುವುದಿಲ್ಲ. ‘ಇನ್ನಾದರೂ ನಾಯಕತ್ವ ಎಚ್ಚೆತ್ತುಕೊಳ್ಳಲಿ’ ಎಂಬ ಕೊನೆಯ ಸಾಲನ್ನು ನಮ್ಮ ಕಚೇರಿಯಲ್ಲಿ ಯಾವ ಲೇಖನದಲ್ಲಿ ಕಂಡರೂ ಹೊಡೆದುಹಾಕುತ್ತೇವೆ.

ಮತ್ತೆ ಬರೆಯುವುದಾದರೆ ತಾಯಿಯವರ ಜೊತೆ ಕುಳಿತು ಮಾತನಾಡಿ. ದಿನಕ್ಕೆ ಎಷ್ಟು ಮನೆ ಮುಗಿಯುತ್ತಿತ್ತು, ಯಾವ ಪ್ರಶ್ನೆಗೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು, ಯಾವ ಮನೆಯವರು ನೀರು ಕೊಟ್ಟರು, ಯಾರು ಕೊಡಲಿಲ್ಲ, ತುಂಬಿದ ನಮೂನೆಗಳನ್ನು ಎಲ್ಲಿಗೆ ಒಪ್ಪಿಸಿ ಬಂದರು. ಅಕ್ಕನ ವಿಷಯದಲ್ಲಿ ಮಾತ್ರ ಎಚ್ಚರ. ಅವರು ಸರ್ಕಾರಿ ನೌಕರರು, ನಡತೆ ನಿಯಮಗಳಿವೆ, ನಿಮ್ಮ ಲೇಖನಕ್ಕಾಗಿ ಅವರಿಗೆ ನೋಟಿಸ್ ಬರುವುದು ಬೇಡ. ತಾಲ್ಲೂಕು, ಶಾಲೆ, ಬೀದಿಯ ಗುರುತು ಯಾವುದೂ ಸಿಗದಂತೆ ಬರೆಯಿರಿ, ಅಚ್ಚಿಗೆ ಹೋಗುವ ಮುನ್ನ ಅವರಿಗೆ ತೋರಿಸಿ ಒಪ್ಪಿಗೆ ಪಡೆಯಿರಿ. ಗಣತಿಯಲ್ಲಿ ಯಾವ ಮನೆಯವರು ಏನು ಬರೆಸಿದರು ಎಂಬುದು ಗೋಪ್ಯವಾಗಿ ಉಳಿಯಬೇಕಾದ ಮಾಹಿತಿ, ಅಜ್ಜಿಯ ಜಾತಿಯನ್ನು ನೀವೂ ಹೇಳಬೇಡಿ.

ಸಾವಿರದ ಇನ್ನೂರು ಪದ ಮೀರದಿರಲಿ. ಸಂಭಾವನೆ ಕಡಿಮೆ, ಅದೂ ಪ್ರಕಟವಾದ ಮುಂದಿನ ತಿಂಗಳು. ನೀವು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಕಳುಹಿಸಿದ್ದರಿಂದ ಒತ್ತಕ್ಷರಗಳೆಲ್ಲ ಕಳಚಿಕೊಂಡಿವೆ, ‘ನಾಯಕತ್ವ’ ಎಲ್ಲ ಕಡೆ ‘ನಾಯಕತ’ ಆಗಿದೆ. ಮುಂದಿನ ಪ್ರತಿಯನ್ನು ಯೂನಿಕೋಡ್‌ನಲ್ಲಿ ಕಳುಹಿಸಿ.